ಸೂರ್ಯನಿಗೆ ಬೆನ್ನು ಹಾಕಿ ಹನ್ನೆರಡು ನಮಸ್ಕಾರ

ಮೂರು ತಿಂಗಳು ನಾನು ಸೂರ್ಯನಿಗೆ ಬೆನ್ನು ಹಾಕಿ ಸೂರ್ಯ ನಮಸ್ಕಾರ ಮಾಡಿದೆ.

ನಗಬೇಡಿ. ಅದು ಬಹಳ ಯೋಚಿಸಿ ಮಾಡಿಕೊಂಡ ಏರ್ಪಾಡು. ನನ್ನ ಹೆಸರು ಗ್ರೇಸ್, ತಿಪಟೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ, ಭಾನುವಾರ ಚರ್ಚಿನಲ್ಲಿ ಮುಂದಿನಿಂದ ಎರಡನೇ ಬೆಂಚು. ಇಷ್ಟು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ನನ್ನ ಸೊಂಟದ ಕಥೆ.

ಎರಡು ವರ್ಷದ ಹಿಂದೆ ಪ್ರಭು ಭೋಜನದ ದಿನ, ಆಲ್ಟರಿನ ಮುಂದಿನ ಮರದ ಕಟಕಟೆಯ ಹತ್ತಿರ ಎಲ್ಲರಂತೆ ಮಂಡಿಯೂರಿದೆ. ರೊಟ್ಟಿ ತಗೊಂಡೆ, ದ್ರಾಕ್ಷಾರಸ ತಗೊಂಡೆ, ಏಳೋಣ ಅಂದರೆ ಸೊಂಟ ಒಪ್ಪಲಿಲ್ಲ. ಪಕ್ಕದವರು ಎದ್ದು ಹೋದರು. ಹಿಂದಿನ ಸಾಲಿನವರು ಬಂದು ಮಂಡಿಯೂರಿದರು. ಅವರೂ ಎದ್ದು ಹೋದರು. ನಾನು ಮಾತ್ರ ಅಲ್ಲೇ ಇದ್ದೆ. (ನನಗೆ ಏನೋ ದರ್ಶನ ಆಗುತ್ತಿದೆ ಅಂತ ಹಿಂದೆ ಕೂತವರು ಅಂದುಕೊಂಡರಂತೆ.) ಕೊನೆಗೆ ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಬಟ್ಟಲನ್ನು ಕೆಳಗಿಟ್ಟು ಬಂದು ಒಂದು ರಟ್ಟೆ ಹಿಡಿದರು. ನನ್ನ ಬೆಂಚಿನ ಗೆಳತಿ ಸುಗುಣಕ್ಕ ಇನ್ನೊಂದು ಹಿಡಿದಳು. ಮೂಟೆ ಎತ್ತಿದ ಹಾಗೆ ಎತ್ತಿ ನಿಲ್ಲಿಸಿದರು.

ಆವತ್ತಿನಿಂದ ನಾನು ನಿಂತುಕೊಂಡೇ ಪ್ರಭು ಭೋಜನ ತಗೊಳ್ಳತೊಡಗಿದೆ, ತುರುವೇಕೆರೆ ಬಸ್ಸಿನಲ್ಲಿ ಟಿಕೆಟ್ ತಗೊಂಡ ಹಾಗೆ. ಅದರಲ್ಲೇನೂ ತಪ್ಪಿಲ್ಲ ಅಂತ ಅಯ್ಯನವರು ಸಮಾಧಾನ ಹೇಳಿದರು. ಇರಬಹುದು. ನನಗೆ ಮಾತ್ರ ಪ್ರತಿ ಸಲವೂ ಅಳು ಬರುತ್ತಿತ್ತು. ಐದು ವರ್ಷದವಳಿದ್ದಾಗ ಅಮ್ಮನ ಪಕ್ಕ ಮಂಡಿಯೂರಿ ಪ್ರಾರ್ಥನೆ ಕಲಿತವಳು ನಾನು. ನಿಂತು ಮಾಡಿದ ಪ್ರಾರ್ಥನೆ ನನ್ನದು ಅಂತಲೇ ಅನ್ನಿಸುತ್ತಿರಲಿಲ್ಲ. ಸಾಯುವುದರೊಳಗೆ ಒಂದು ಸಲ, ಯಾರೂ ರಟ್ಟೆ ಹಿಡಿಯದೆ, ನಾನೇ ಮಂಡಿಯೂರಿ ನಾನೇ ಏಳಬೇಕು. ಬೇರೇನೂ ಬೇಡ. (ವಯಸ್ಸು ಐವತ್ನಾಲ್ಕು. ನಾಟಕ ಸ್ವಲ್ಪ ಜಾಸ್ತಿ ಅಂತ ಮನೆಯಲ್ಲೂ ಹೇಳುತ್ತಾರೆ.)

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಯೋಗ ಮಾಡಿ ಅಂದರು. ನಾವು ಕ್ರೈಸ್ತರು, ಬೇರೇನಾದರೂ ಇದೆಯಾ ಅಂತ ಕೇಳಿದೆ. ಇದೆ, ಆಪರೇಷನ್ ಅಂದರು. ನಾನು ಯೋಗಕ್ಕೆ ಹೋದೆ.

ನಮ್ಮ ಬೀದಿಯ ಶಿವಣ್ಣನವರು ಕೊಬ್ಬರಿ ವ್ಯಾಪಾರಿ. ಅವರ ಗೋಡೌನಿನಲ್ಲಿ ಬೆಳಿಗ್ಗೆ ಆರರಿಂದ ಏಳರವರೆಗೆ ಯೋಗ, ಏಳರ ಮೇಲೆ ಕೊಬ್ಬರಿ. ಫೀಸಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಟೀ ಶರ್ಟಿನ ಮೇಲೆ ಯಾವುದೋ ಗೊಬ್ಬರದ ಕಂಪನಿಯ ಹೆಸರು. ಕಲಿಯುವವರು ಹತ್ತು ಹನ್ನೆರಡು ಜನ, ಎಲ್ಲರೂ ಕೊಬ್ಬರಿ ಮಂಡಿ ಇಟ್ಟವರು, ಅಂಗಡಿಯವರು, ತೋಟದವರು.

ನನಗಿದ್ದ ಮೊದಲ ಹೆದರಿಕೆ ಮಂತ್ರದ್ದು. ಹನ್ನೆರಡು ನಮಸ್ಕಾರಕ್ಕೆ ಸೂರ್ಯನ ಹನ್ನೆರಡು ಹೆಸರು ಹೇಳಬೇಕಂತೆ. ಅದೃಷ್ಟಕ್ಕೆ ಶಿವಣ್ಣನವರಿಗೆ ಬರುತ್ತಿದ್ದದ್ದು ನಾಲ್ಕೇ. ಐದನೆಯದಕ್ಕೆ ತಡವರಿಸಿ, ಕೆಮ್ಮಿ, ತಮಗೆ ಚೆನ್ನಾಗಿ ಗೊತ್ತಿದ್ದ ಕಡೆಗೆ ಬಂದುಬಿಟ್ಟರು: "ಲಾಭ, ಎರಡು, ಮೂರು..." (ನಮ್ಮ ಕಡೆ ಕಾಯಿ ಎಣಿಸುವ ಹಿರಿಯರು ಒಂದು ಅನ್ನುವುದಿಲ್ಲ, ಲಾಭ ಅಂತಲೇ ಶುರು ಮಾಡುವುದು.) ಎರಡನೇ ದಿನದಿಂದ ಮಂತ್ರವೇ ಇಲ್ಲ, ಬರೀ ಎಣಿಕೆ. ನನಗೆ ಅರ್ಧ ಜೀವ ಬಂತು. ಲಾಭದ ಬಗ್ಗೆ ಯಾವ ಧರ್ಮದವರೂ ತಕರಾರು ತೆಗೆದದ್ದು ನಾನಂತೂ ಕೇಳಿಲ್ಲ.

ಉಳಿದದ್ದು ಸೂರ್ಯ. ಗೋಡೌನಿನ ಬಾಗಿಲು ಪೂರ್ವಕ್ಕೆ. ಶಟರ್ ಎತ್ತಿದರೆ ಎದುರಿಗೇ ಕೆಂಪಗೆ ಮೂಡುತ್ತಾನೆ, ಅವನನ್ನು ನೋಡಿಕೊಂಡು ಎಲ್ಲರೂ ಬಗ್ಗಬೇಕು. ನಾನು ಶಿವಣ್ಣನವರನ್ನು ಪಕ್ಕಕ್ಕೆ ಕರೆದು, ನಾನು ದೇವರಿಗೆ ಬಿಟ್ಟು ಬೇರೆ ಯಾರಿಗೂ ಅಡ್ಡಬೀಳುವ ಹಾಗಿಲ್ಲ ಅಂತ ಸಂಕೋಚದಿಂದ ಹೇಳಿದೆ. ಅವರು ಒಂದು ನಿಮಿಷವೂ ಯೋಚಿಸಲಿಲ್ಲ.

"ಅದುಕ್ಯಾಕೆ ತಲೆ ಕೆಡಿಸ್ಕೊಂತೀರಿ ಮೇಡಂ? ಹಿಂದಿನ ಸಾಲಲ್ಲಿ ಆ ಕಡೆ ತಿರುಕ್ಕೊಂಡು ಮಾಡಿ. ನಮಗೆ ಬೆನ್ನು ಬಗ್ಗಿದ್ರೆ ಸಾಕು, ಯಾವ ಕಡೆ ಬಗ್ಗಿದ್ರೇನು?"

ಹೀಗೆ ಎಲ್ಲರೂ ಪೂರ್ವಕ್ಕೆ, ನಾನೊಬ್ಬಳು ಪಶ್ಚಿಮಕ್ಕೆ. ಬಗ್ಗಿದರೆ ಕನ್ನಡಕ ಜಾರುತ್ತದೆ ಅಂತ ಬಾಗಿಲಲ್ಲೇ ತೆಗೆದು ಬ್ಯಾಗಿಗೆ ಹಾಕಿದರೆ, ಮತ್ತೆ ಹಾಕಿಕೊಳ್ಳುತ್ತಿದ್ದದ್ದು ಬೀದಿಗೆ ಬಂದ ಮೇಲೆ. ಕನ್ನಡಕ ಇಲ್ಲದಿದ್ದರೆ ನನಗೆ ಎರಡು ಅಡಿ ಆಚೆ ಎಲ್ಲವೂ ಮಂಜು. ಎದುರಿಗೆ ಗೋಡೌನಿನ ಒಳಗಿನ ಮಬ್ಬುಗತ್ತಲು, ಊದುಬತ್ತಿಯ ಘಮ. ಹಳೇ ಕೊಬ್ಬರಿಯ ಕಮಟು ವಾಸನೆ ಹೋಗಲಿ ಅಂತ ಹಚ್ಚುತ್ತಾರೆ, ಪಾಪ, ಅಂದುಕೊಂಡೆ. ದಿನಕ್ಕೆ ಹನ್ನೆರಡು ಸಲ ಯಾರಿಗೂ ಅಲ್ಲದ ಒಂದು ನಮಸ್ಕಾರ ಹಾಕಿ, ನೆಮ್ಮದಿಯಾಗಿ ಸ್ಕೂಲಿಗೆ ಹೋಗುತ್ತಿದ್ದೆ.

ಸೊಂಟ ಸಡಿಲವಾಗತೊಡಗಿತು. ಮೊದಲು ಬಿದ್ದ ಚಾಕ್‌ಪೀಸ್ ಎತ್ತಿಕೊಳ್ಳುವಷ್ಟು, ಆಮೇಲೆ ಚಾಪೆಯ ಮೇಲೆ ಕೂರುವಷ್ಟು. ವಜ್ರಾಸನದಲ್ಲಿ ಹತ್ತು ಎಣಿಸುವಷ್ಟು ಹೊತ್ತು ಕೂತ ದಿನ ಮನೆಯವರಿಗೆ ಕೇಸರಿಬಾತ್ ಮಾಡಿ ಹಾಕಿದೆ.

ಆಗ ಸುಗುಣಕ್ಕನಿಗೆ ಸುದ್ದಿ ಮುಟ್ಟಿತು.

ಸುಗುಣಕ್ಕನದು ತುರುವೇಕೆರೆ ರಸ್ತೆಯಲ್ಲಿ ತೆಂಗಿನ ತೋಟ. ಒಳ್ಳೆಯವಳು, ನಮ್ಮ ಸಭೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಗಂಜಿ ಕಳಿಸುವವಳು. ಆದರೆ ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬುತ್ತಾಳೆ. ಯೋಗ ಮಾಡಿದವರ ಮೈಮೇಲೆ ಏನೇನು ಬರುತ್ತದೆ ಅಂತ ಒಂದು ಉದ್ದನೆಯ ಫಾರ್ವರ್ಡ್ ಅವಳ ಹತ್ತಿರ ಇತ್ತು. (ನನ್ನ ಮೈಮೇಲೆ ಬಂದದ್ದು ಮುಲಾಮಿನ ವಾಸನೆ ಮಾತ್ರ.) ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು.

"ಗ್ರೇಸಿ, ನಿಜ ಹೇಳೇ. ನೀನು ಸೂರ್ಯನಿಗೆ ಕೈ ಮುಗೀತೀಯಂತೆ?"

ಇಲ್ಲ ಕಣಕ್ಕ, ಬೆನ್ನು ಹಾಕಿ ನಿಲ್ಲುತ್ತೀನಿ ಅಂತ ವಿವರಿಸಿದೆ. ಅವಳಿಗೆ ಅದು ಇನ್ನೂ ಅನುಮಾನಕ್ಕೆ ಕಾರಣವಾಯಿತು. ಬರೀ ವ್ಯಾಯಾಮ ಆಗಿದ್ದರೆ ದಿಕ್ಕು ಯಾಕೆ ನೋಡುತ್ತೀಯ ಅಂದಳು.

ಏನು ಹೇಳಲಿ? ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹಾಡುವುದು ನಮ್ಮ ಹಳ್ಳಿ ಸಭೆಗಳಲ್ಲಿ ತಾತನ ಕಾಲದಿಂದ ಇದೆ, ಅದಕ್ಕೆ ಸುಖಾಸನ ಅನ್ನುತ್ತಾರೆ ಅಂತ ಯಾರೂ ಹೆದರಿಸಿರಲಿಲ್ಲ. ಚಪ್ಪಲಿ ಹೊರಗೆ ಬಿಡುತ್ತೇವೆ. ಒಬ್ಬರನ್ನೊಬ್ಬರು ಕಂಡರೆ ಕೈ ಜೋಡಿಸುತ್ತೇವೆ. ಇದನ್ನೆಲ್ಲ ಹೇಳಿ ವಾದ ಗೆಲ್ಲಬಹುದಿತ್ತು. ಆದರೆ ರಾತ್ರಿ ಮಲಗಿದಾಗ ಅನ್ನಿಸಿತು, ಸುಗುಣಕ್ಕನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಮೈ ಬಾಗಿದರೆ ಮನಸ್ಸಿಗೆ ಏನೂ ಆಗುವುದಿಲ್ಲ ಅನ್ನುವುದಾದರೆ, ಮಂಡಿಯೂರಬೇಕು ಅಂತ ನಾನು ಎರಡು ವರ್ಷ ಅತ್ತದ್ದು ಯಾತಕ್ಕೆ?

ಅವಳು ಅಯ್ಯನವರಿಗೆ ದೂರು ಕೊಟ್ಟಳು. ನಾನು ಯೋಗ ಬಿಡಬೇಕೋ ಬೇಡವೋ ಅಂತ ಅಯ್ಯನವರು ಹೇಳಲಿ, ಅವರು ಹೇಳಿದ ಹಾಗೆ ಕೇಳುತ್ತೇನೆ ಅಂತ ನಾನೂ ಮಾತು ಕೊಟ್ಟೆ. ಬಿಡು ಅಂದರೆ ಮತ್ತೆ ಬಸ್ ಟಿಕೆಟ್ಟೇ ಗತಿ. ಅಯ್ಯನವರು ಮಾತ್ರ, ನೋಡದೆ ಏನೂ ಹೇಳುವುದಿಲ್ಲ ಅಂದವರು, ಗುರುವಾರ ಬೆಳಿಗ್ಗೆ ಆರಕ್ಕೆ ಸ್ಕೂಟರ್ ಹತ್ತಿ ಗೋಡೌನಿಗೇ ಬಂದುಬಿಟ್ಟರು.

ಶಿವಣ್ಣನವರಿಗೆ ಸಂಭ್ರಮ. ಒಂದು ಮೂಟೆ ಎಳೆದು ಅದರ ಮೇಲೆ ಟವೆಲ್ ಹಾಸಿ ಕೂರಿಸಿದರು. ನನಗೆ ಪರೀಕ್ಷೆ ಬರೆಯುವ ಮಕ್ಕಳ ಕಷ್ಟ ಆವತ್ತು ಅರ್ಥವಾಯಿತು. ಲಾಭದಿಂದ ಹನ್ನೆರಡರವರೆಗೆ ಪಶ್ಚಿಮಕ್ಕೆ ತಿರುಗಿ, ಒಂದೂ ತಪ್ಪದೆ, ಮೂಗು ನೆಲಕ್ಕೆ ತಾಗಿಸಿ ಮಾಡಿದೆ. ಮುಗಿಸಿ ಅಯ್ಯನವರ ಕಡೆ ನೋಡಿದರೆ, ಮಂಜಿನಲ್ಲೂ ಅಷ್ಟು ತಿಳಿಯಿತು, ಅವರ ಮುಖ ನನ್ನ ಕಡೆ ಇರಲಿಲ್ಲ. ನನ್ನ ಎದುರಿಗಿದ್ದುದರ ಕಡೆ ತಿರುಗಿತ್ತು.

"ಟೀಚರ್," ಅಂದರು ಮೆಲ್ಲಗೆ. "ಸ್ವಲ್ಪ ಕನ್ನಡಕ ಹಾಕ್ಕೊಳ್ಳಿ."

ಹಾಕಿಕೊಂಡೆ.

ಎದುರಿಗೆ ಆಳೆತ್ತರದ ಕೊಬ್ಬರಿ ರಾಶಿ. ರಾಶಿ ಅಲ್ಲಿದೆ ಅಂತ ಗೊತ್ತಿತ್ತು, ಕೊಬ್ಬರಿ ಗೋಡೌನಿನಲ್ಲಿ ಇನ್ನೇನಿರುತ್ತದೆ? ಗೊತ್ತಿಲ್ಲದಿದ್ದದ್ದು ಉಳಿದದ್ದು. ರಾಶಿಯ ಮುಂದೆ ಮಣೆ. ಮಣೆಯ ಮೇಲೆ ಒಂದು ದಪ್ಪನೆಯ ಉಂಡೆ ಕೊಬ್ಬರಿ, ಅದಕ್ಕೆ ಮೂರು ಬೆರಳು ವಿಭೂತಿ, ನೆತ್ತಿಯ ಮೇಲೆ ಎರಡು ದಾಸವಾಳ. ಪಕ್ಕದಲ್ಲಿ ಊದುಬತ್ತಿ.

ಅಂದರೆ ಮೂರು ತಿಂಗಳು, ದಿನಕ್ಕೆ ಹನ್ನೆರಡು ಸಲ, ನಾನು ಶಿವಣ್ಣನವರ ಕೊಬ್ಬರಿಗೆ ಉದ್ದಂಡ ನಮಸ್ಕಾರ ಹಾಕಿದ್ದೆ. ಬೈಬಲಿನಲ್ಲಿ ಜನ ದೇವರನ್ನು ಮರೆತು ಬಂಗಾರದ ಕರು ಮಾಡಿಕೊಂಡು ಅಡ್ಡಬಿದ್ದ ಕಥೆಯನ್ನು ಭಾನುವಾರದ ಶಾಲೆಯ ಮಕ್ಕಳಿಗೆ ಹೇಳಿಕೊಡುವವಳೂ ನಾನೇ.

ಶಿವಣ್ಣನವರಿಗೆ ನಮ್ಮಿಬ್ಬರ ಮುಖ ಯಾಕೆ ಹಾಗಾಯಿತು ಅಂತ ತಿಳಿಯಲಿಲ್ಲ. ದಿನಾ ರಾಶಿ ಪೂಜೆ ಮಾಡಿಯೇ ವ್ಯಾಪಾರ ಶುರು ಮಾಡುವುದು, ಅದು ತಮ್ಮ ತಂದೆಯ ಕಾಲದಿಂದ ಬಂದದ್ದು ಅಂದರು. ಆಮೇಲೆ ಬಹಳ ಅಭಿಮಾನದಿಂದ ಅಯ್ಯನವರಿಗೆ ಹೇಳಿದರು:

"ಮೇಡಂ ಭಕ್ತಿ ನೋಡಿ ನಂಗೇ ಆಶ್ಚರ್ಯ ಕಣ್ರೀ. ಕಿರಿಸ್ತಾನರಾದ್ರೂ ನಮ್ಮ ರಾಶಿಗೆ ಇಷ್ಟೊಂದು ಬಗ್ತಾರಲ್ಲ ಅಂತ ಮನೇಲೂ ಹೇಳಿದೀನಿ. ಅದುಕ್ಕೇ ಅವ್ರು ಬಂದಾಗಿಂದ ಒಂದು ಹೂವು ಜಾಸ್ತಿ ಇಡ್ತಾ ಇದೀನಿ."

ಎರಡನೇ ದಾಸವಾಳ ನನ್ನ ಲೆಕ್ಕದ್ದು.

ಅಯ್ಯನವರು ಎದ್ದು ನಿಂತು ನನಗೊಂದು ದಿಕ್ಕು ಹುಡುಕತೊಡಗಿದರು. ಪೂರ್ವಕ್ಕೆ ಸೂರ್ಯ. ಪಶ್ಚಿಮಕ್ಕೆ ಕೊಬ್ಬರಿ. ಉತ್ತರದ ಗೋಡೆಯ ಮೇಲೆ ಮಠದ ಸ್ವಾಮಿಗಳ ಫೋಟೋ, ಹಾರ ಸಮೇತ. ದಕ್ಷಿಣಕ್ಕೆ ತೂಕದ ಯಂತ್ರ, ಆಯುಧ ಪೂಜೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ. ಒಂದು ಸುತ್ತು ಪೂರ್ತಿ ತಿರುಗಿ ಅಯ್ಯನವರು ಮತ್ತೆ ಮೂಟೆಯ ಮೇಲೆ ಕೂತರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಅಂತ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ನಕ್ಕು ಮುಗಿದ ಮೇಲೆ ಕೇಳಿದರು, "ಟೀಚರ್, ಬಗ್ಗುವಾಗ ಮನಸ್ಸಲ್ಲಿ ಏನಿರುತ್ತೆ?"

ಏಳಲಿಕ್ಕೆ ಆಗಲಪ್ಪ ದೇವರೇ ಅನ್ನುವುದು ಅಂದೆ. ಅದು ನಿಜವೂ ಹೌದು. ಹನ್ನೆರಡು ಸಲವೂ ಅದೊಂದೇ.

"ಸರಿ ಹಾಗಾದ್ರೆ. ಭಾನುವಾರ ಕಟಕಟೆ ಹತ್ರ ನೋಡಿ ಹೇಳ್ತೀನಿ," ಅಂದರು. ಹೋಗುವ ಮುಂಚೆ, ತಿಪಟೂರಿಂದ ಹುಳಿಯಾರಿನವರೆಗೆ ಸ್ಕೂಟರ್ ಓಡಿಸುವವರ ಬೆನ್ನಿಗೆ ಏನಾದರೂ ಇದೆಯಾ ಅಂತ ಶಿವಣ್ಣನವರನ್ನು ಕೇಳುವುದನ್ನು ಮರೆಯಲಿಲ್ಲ.

ಆ ಭಾನುವಾರ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಬೆಳೆದದ್ದರಲ್ಲಿ ಮೊದಲನೆಯದನ್ನು ತಂದು ಆಲ್ಟರಿನ ಮುಂದೆ ಇಡುತ್ತೇವೆ, ಆರಾಧನೆ ಆದ ಮೇಲೆ ಅವನ್ನು ಹರಾಜು ಹಾಕುತ್ತೇವೆ. ಊರಿನವರೆಲ್ಲ ಹರಾಜಿಗೆ ಬರುತ್ತಾರೆ. ಶಿವಣ್ಣನವರಂತೂ ಒಂದು ವರ್ಷವೂ ತಪ್ಪಿಸಿದವರಲ್ಲ, ಆವತ್ತೂ ಮುಂಚೆಯೇ ಬಂದು ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು.

ಪ್ರಭು ಭೋಜನಕ್ಕೆ ನಮ್ಮ ಬೆಂಚಿನ ಸರದಿ ಬಂತು. ಸುಗುಣಕ್ಕ ಅಭ್ಯಾಸಬಲದಿಂದ ನನ್ನ ರಟ್ಟೆಗೆ ಕೈ ಹಾಕಿದಳು, ಬೇಡ ಅಂತ ತಲೆಯಾಡಿಸಿದೆ. ಕಟಕಟೆ ಹಿಡಿಯಲಿಲ್ಲ. ಒಂದು ಮಂಡಿ ಊರಿದೆ, ಇನ್ನೊಂದು ಊರಿದೆ. ರೊಟ್ಟಿ ತಗೊಂಡೆ, ದ್ರಾಕ್ಷಾರಸ ತಗೊಂಡೆ. ಅಮ್ಮ ನೆನಪಾದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ. ಹಣೆ ಕಟಕಟೆಗೆ ತಾಗುವಷ್ಟು ಬಗ್ಗಿ ಮುಗಿಸಿ, ಯಾರೂ ಹಿಡಿಯದೆ, ಎದ್ದು ನಿಂತೆ. ಅಯ್ಯನವರು ಬಟ್ಟಲು ಹಿಡಿದುಕೊಂಡೇ ನನ್ನ ಕಡೆ ತಲೆದೂಗಿದರು. ಅಷ್ಟೇ ಅವರ ತೀರ್ಪು.

ಕನ್ನಡಕ ಒರೆಸಿ ಹಾಕಿಕೊಂಡ ಮೇಲೆ ಎದುರಿಗಿದ್ದದ್ದು ಕಂಡಿತು. ಕಟಕಟೆಯ ಆಚೆಗೆ, ನನ್ನ ಮೂಗಿನ ನೇರಕ್ಕೆ, ಸುಗುಣಕ್ಕ ಬೆಳಿಗ್ಗೆ ಬೇಗ ಬಂದು ತನ್ನ ತೋಟದ ತೆಂಗಿನಕಾಯಿಗಳನ್ನು ಭಕ್ತಿಯಿಂದ ರಾಶಿ ಹಾಕಿದ್ದಳು. ತುದಿಯ ಕಾಯಿಯ ಮೇಲೆ ಎರಡು ಚೆಂಡುಹೂ.

ನಾನು ಯಾರ ಮುಂದೆ ಬಾಗಿದೆ ಅಂತ ನನಗೆ ಗೊತ್ತು. ಹಿಂದೆ ನಿಂತವರಿಗೆ ಕಂಡದ್ದೇ ಬೇರೆ. ಆರಾಧನೆ ಮುಗಿದು ಹೊರಗೆ ಬಂದಾಗ ಶಿವಣ್ಣನವರು ಪಕ್ಕಕ್ಕೆ ಕರೆದು, ನಮ್ಮ ಧರ್ಮದ ಒಳಗುಟ್ಟು ತಿಳಿದವರ ಹಾಗೆ ದನಿ ತಗ್ಗಿಸಿ ಕೇಳಿದರು:

"ಅಲ್ಲ ಮೇಡಂ, ನಿಮ್ಮಲ್ಲೂ ಕಾಯಿಗೇನಾ?"