ಮೂವರು ಮುನಿಯಪ್ಪಂದಿರು

ಬೆಳಿಗ್ಗೆ ಏಳಕ್ಕೆ ಹೊಸೂರಿನಲ್ಲಿ ರಾಯಕೋಟೆ ಬಸ್ಸು ಹತ್ತಿದೆ. ಟಿಕೆಟ್ಟು ಒಂಬತ್ತು ರೂಪಾಯಿ, ದೂರ ಮೂವತ್ತು ಕಿಲೋಮೀಟರ್, ಕೂರಲು ಸೀಟಿಲ್ಲ. ಸಕ್ಕರೆ ಕಾಯಿಲೆ ವಂಶದಲ್ಲಿ ಹೇಗೆ ಇಳಿದು ಬರುತ್ತದೆಂದು ನೋಡುವ ಸಂಶೋಧನೆಗಾಗಿ ಎರಡು ವರ್ಷದಿಂದ ಈ ಸೀಮೆಯ ಮನೆಮನೆ ಅಲೆದು ರಕ್ತ ತೆಗೆಯುತ್ತಿದ್ದೆ. ಸಾಕಾಗಿಹೋಗಿತ್ತು. ಅವತ್ತು ಹೊರಟದ್ದಂತೂ ನನ್ನದೇ ತಪ್ಪು ತಿದ್ದಲು. ಮಾಡಿದ್ದುಣ್ಣೋ ಮಹರಾಯ.

ಹಿಂದಿನ ತಿಂಗಳು ರಾಯಕೋಟೆ ಪಕ್ಕದ ಹಳ್ಳಿಯಲ್ಲಿ ಒಂದೇ ಮನೆತನದ ಹದಿನಾಲ್ಕು ಜನರ ರಕ್ತ ತೆಗೆದಿದ್ದೆ. ಆ ಮನೆಯ ಹಿರಿಯ ಮುನಿಯಪ್ಪ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ತೀರಿಕೊಂಡವರು. ಅವರ ಮೂವರು ಗಂಡುಮಕ್ಕಳೂ ತಮ್ಮ ತಮ್ಮ ಹಿರಿಮಗನಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದರು. ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಹಾಕುವುದನ್ನು ತಮಿಳುನಾಡಿನಲ್ಲಿ ಯಾರೂ ಮರೆಯುವುದಿಲ್ಲ. ಬೆಂಗಳೂರಿನ ನಾನು ಮರೆತೆ. ಮೂರು ಟ್ಯೂಬಿಗೂ ಬರೀ ಮುನಿಯಪ್ಪ ಎಂದು ಗೀಚಿದ್ದೆ. ಒಂದರಲ್ಲಿ ಸಕ್ಕರೆ ವಿಪರೀತವಿತ್ತು. ಅದು ಯಾರದೆಂದು ಲ್ಯಾಬಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಮನುಷ್ಯ ಒಂದು ತಿಂಗಳಿಂದ ಔಷಧಿಯಿಲ್ಲದೆ ಓಡಾಡಿಕೊಂಡಿದ್ದ.

ಬಸ್ಸಿಳಿದು ಟೊಮೇಟೊ ಹೊಲಗಳ ನಡುವೆ ಎರಡು ಮೈಲಿ ನಡೆದೆ. ಬಿಸಿಲು ಚುರುಗುಟ್ಟುತ್ತಿತ್ತು. ಹಿರಿಯ ಮುನಿಯಪ್ಪನವರ ಹೆಂಡತಿ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದರು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಮೂವರು ಮುನಿಯಪ್ಪಂದಿರನ್ನೂ ಮತ್ತೆ ಪರೀಕ್ಷಿಸಬೇಕೆಂದೆ.

"ಬರೆಯೋನು ನೀನು ಮರೆತ್ರೆ ನನ್ ಮೊಮ್ಮಕ್ಳನ್ನ ಯಾಕ್ಲಾ ಇನ್ನೊಂದ್ಸಲ ಚುಚ್ಬೇಕು?" ಎಂದರು ಅಜ್ಜಿ.

ಆದರೂ ಊರಲ್ಲಿದ್ದ ಇಬ್ಬರು ಮುನಿಯಪ್ಪಂದಿರನ್ನು ಹೊಲದಿಂದ ಕರೆಸಿದರು. ಬೆರಳು ಚುಚ್ಚಿ ಚಿಕ್ಕ ಯಂತ್ರದಲ್ಲಿ ನೋಡಿದೆ. ಇಬ್ಬರದೂ ಸರಿಯಾಗಿತ್ತು. ಮನೆಯಲ್ಲಿ ಎಲ್ಲರೂ ನಕ್ಕರು. ಅಜ್ಜಿ ಮಾತ್ರ ಬೆರಳು ಮಡಿಸಿ ಲೆಕ್ಕ ಹಾಕಿ, ಹಾಗಾದರೆ ಹೊಸೂರಿನ ಹತ್ತಿರ ಮತ್ತಿಗಿರಿಯಲ್ಲಿರೋ ಮೂರನೆಯವನೇ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊಟ್ಟ ಮುದ್ದೆ, ಹುರುಳಿ ಸಾರು ಬೇಗಬೇಗ ಉಂಡು ಹೊಸೂರಿನ ಬಸ್ಸಿಗೆ ಹೊರಟೆ.

ಮೂರನೆಯ ಮುನಿಯಪ್ಪ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ; ರಕ್ತ ತೆಗೆದ ದಿನ ರಜೆಗೆ ಊರಿಗೆ ಬಂದಿದ್ದ. ಮತ್ತಿಗಿರಿಯ ಬಾಡಿಗೆ ಮನೆಗೆ ನಾನು ಮುಟ್ಟಿದಾಗ ನಾಲ್ಕು ಗಂಟೆ. ಶಿಫ್ಟ್ ಮುಗಿಸಿ ಬಂದವನು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ನೋಡುತ್ತಲೇ ನನಗೆ ತಿಳಿಯಿತು. ಯಂತ್ರದಲ್ಲಿ ಮುನ್ನೂರು ದಾಟಿತ್ತು.

ಟ್ಯೂಬಿನ ಕಥೆ ಹೇಳಿ ತಪ್ಪಾಯಿತೆಂದೆ. ನಾಳೆಯೇ ಆಸ್ಪತ್ರೆಗೆ ಹೋಗು ಎಂದು ಚೀಟಿ ಕೊಟ್ಟೆ. ಅವನು ನನ್ನ ಜೇಬಿನ ಪೆನ್ನು ತೆಗೆದುಕೊಂಡು, ಚೀಟಿಯಲ್ಲಿದ್ದ ತನ್ನ ಹೆಸರಿನ ಮುಂದೆ ದಪ್ಪಗೆ 'ವಿ.' ಎಂದು ಬರೆದುಕೊಂಡ.

ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ. ಅಲ್ಲಿ ಕೇಳಿದ:

"ತಾತನ ಹೆಸ್ರು ಮೂರ್ ಜನಕ್ಕೂ ಬಂತು ಸಾರ್. ಕಾಯ್ಲೆ ನನ್ನೊಬ್ಬನ್ಗೇ ಯಾಕ್ ಬಂತು?"

ಎರಡು ವರ್ಷದಿಂದ ನಾವು ಹುಡುಕುತ್ತಿದ್ದುದೂ ಅದನ್ನೇ. ಬಸ್ಸು ಬಂತು. ಹತ್ತಿದೆ. ತಿರುಗಿ ನೋಡಿದಾಗ ಅವನು ಚೀಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.