ಫಿಯೆಟ್ ಕಾರಿಗೆ ಟವಲ್ಲಿನ ವ್ಯಾಪಾರ

ಬಂಡೂರಿನ ಮರಿತಾಯಮ್ಮ ಆ ಬೆಳಿಗ್ಗೆ ತಿಂಡಿ ತಿನ್ನದೇ ಹೊರಟಿದ್ದಳು. ಸಂಕಟಕ್ಕಲ್ಲ, ಸಡಗರಕ್ಕೆ. ಬಕ್ರೀದಿಗೆಂದು ಸಾಕಿದ್ದ ಆರು ಟಗರು ಮಾರಿ ಬಂದ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಬಟ್ಟೆ ಚೀಲದಲ್ಲಿ ಅವುಚಿಕೊಂಡು, ಮಗ ಚಲುವರಾಜುವಿನ ಬೈಕಿನಲ್ಲಿ ಮದ್ದೂರಿನ ಗ್ಯಾರೇಜಿಗೆ ಬಂದಿಳಿದಿದ್ದಳು.

ಗಂಡ ಕೆಂಪಸಿದ್ದಯ್ಯನ ಫಿಯೆಟ್ ಕಾರು ಹಿಂದಿನ ದಿನವೇ ಟೆಂಪೋ ಏರಿ ರಿಪೇರಿಗೆಂದು ಅಲ್ಲಿಗೆ ಬಂದಿತ್ತು. ಮಳವಳ್ಳಿ-ಮದ್ದೂರು ಬಾಡಿಗೆ ಓಡಿಸಿ ಸಂಸಾರ ಎಳೆದ ಪುಣ್ಯಾತ್ಮ ಅವನು. ಊರ ತಿರುವಿನಲ್ಲಿ ಅವನ ಹಾರನ್ ಕೇಳಿಸಿದರೆ ಇವಳು ಒಲೆಯ ಮೇಲೆ ಎಸರಿಡುತ್ತಿದ್ದಳು. ಅವನು ತೀರಿಹೋದ ಮೇಲೆ ಕಾರು ಹೊಂಗೆ ಮರದಡಿ ಕೋಳಿಗಳ ಪಾಲಾಗಿತ್ತು.

ಚಲುವರಾಜು ಮಂಡ್ಯದಲ್ಲಿ ಗುಮಾಸ್ತ. ಅವನದೊಂದು ಷರತ್ತು. "ರಿಪೇರಿ ಕರ್ಚು ಟಗರಿನ ದುಡ್ಡು ದಾಟ್ತೋ, ನಾಳೀಕೇ ಗುಜರಿಗೆ ಕಣವ್ವ. ಆಮೇಲೆ ಗೋಳಾಡಂಗಿಲ್ಲ." ಇವಳು ಹೂಂ ಅಂದಿದ್ದಳು.

ಪೂರಿಗಾಲಿ ಕಡೆಯ ಮೆಕ್ಯಾನಿಕ್ಕು ಕರಿಯಯ್ಯ ಕಾರಿನಡಿ ತೂರಿ ಎದ್ದು ಲೆಕ್ಕ ಒಪ್ಪಿಸಿದ. "ಎಂಜಿನ್ ಬಿಚ್ಚಿ ಕಟ್ಟಕ್ಕೆ ಅರವತ್ತು ಸಾವ್ರ. ತಳದಾಗೆ ತುಕ್ಕು, ತಗಡು ಆಕಕ್ಕೆ ನಲವತ್ತು. ಬ್ರೇಕು, ಟೈರು, ವೈರಿಂಗು ಮೂವತ್ತು. ಸೀಟಿಗೆ ಇಪ್ಪತ್ತು, ಬಣ್ಣಕ್ಕೆ ನಲವತ್ತು. ಒಟ್ಟು ಲಕ್ಷದ ತೊಂಬತ್ತು ಕಣಕ್ಕ."

ಚಲುವರಾಜು ಮೊದಲೇ ಗೊತ್ತುಮಾಡಿದ್ದ ಗುಜರಿಯವನಿಗೆ ಹೇಳಲು ಫೋನ್ ತೆಗೆದ.

"ತಡೀಲಾ!" ಮರಿತಾಯಮ್ಮ ಫೋನಿಗೆ ಕೈ ಅಡ್ಡ ಇಟ್ಟಳು. "ಬಣ್ಣ ಬ್ಯಾಡ. ಸೀಟ್ ಮ್ಯಾಲೆ ಕಂಬ್ಳಿ ಆಸ್ಕತೀನಿ. ಈಗೆಷ್ಟು?"

"ಲಕ್ಷದ ಮೂವತ್ತು."

"ಇನ್ನೂ ಅತ್ತು ಸಾವ್ರ ಜಾಸ್ತಿ ಅವ್ವ," ಅಂದ ಮಗ.

ಮರಿತಾಯಮ್ಮ ಕರಿಯಯ್ಯನ ಹೆಗಲ ಟವಲ್ ಸೆಳೆದುಕೊಂಡಳು. ಕುರಿ ಸಂತೆಯಲ್ಲಿ ಬೆರಳು ಹಿಡಿದು ಗುಟ್ಟಾಗಿ ವ್ಯಾಪಾರ ಕುದುರಿಸುವಂತೆ ಇಬ್ಬರ ಕೈ ಮೇಲೂ ಅದನ್ನು ಹೊದಿಸಿದಳು. "ಬೆರಳಿಗೆ ಅತ್ತು ಸಾವ್ರ. ಲಕ್ಷದ ಮ್ಯಾಲಿನ ಮಾತು ಮಾತ್ರ ಆಡು."

"ಅಯ್ಯೋ ಅಕ್ಕ, ಇದು ಕಾರು, ಕುರಿ ಅಲ್ಲ!"

"ನಾಕು ಕಾಲು ಅವೆ ತಾನೆ? ಇಡಿ ಕೈಯ."

ಟವಲ್ಲಿನಡಿ ಕರಿಯಯ್ಯ ಅವಳ ಮೂರು ಬೆರಳು ಹಿಡಿದ. ಇವಳು ಎರಡನ್ನು ಬಿಡಿಸಿ ಒಂದನ್ನೇ ಉಳಿಸಿದಳು. ಅವನು ಮತ್ತೊಂದನ್ನು ಹಿಡಿದ. ಇವಳು ಅದನ್ನು ಅರ್ಧ ಮಡಿಸಿ, ಅವನ ಕೈಯನ್ನು ಗಟ್ಟಿಯಾಗಿ ಅದುಮಿದಳು, ಬಿಡಲೇ ಇಲ್ಲ. ಕರಿಯಯ್ಯನ ಮೀಸೆಯಡಿ ನಗು ಒಡೆಯಿತು. "ನಮ್ಮೂರ ಕುರಿ ಯಾಪಾರದ ಸಾಬರೇ ನಿಂಗಿಂತ ವಾಸಿ ಕಣಕ್ಕ. ಆಗ್ಲಿ, ಒಪ್ಗಂಡೆ."

"ಎಷ್ಟಕ್ಕೆ?" ಚಲುವರಾಜು ಚಡಪಡಿಸಿದ.

"ಲಕ್ಷದ ಅದಿನೈದು. ಮಿಕ್ಕ ಐದು ಸಾವ್ರ ಪೆಟ್ರೋಲಿಗೆ."

ಚಲುವರಾಜು ಗುಜರಿಯವನಿಗೆ ಫೋನ್ ಮಾಡಿ, ಬರಬೇಡ ಅಂದ. ಆಮೇಲೆ ಕಾರನ್ನು ಒಂದು ಸುತ್ತು ಬಂದು ಮೂತಿ ಸೊಟ್ಟಗೆ ಮಾಡಿದ. "ಬಣ್ಣ ಇಲ್ದಿರೋ ಬೋಳು ಕಾರಲ್ಲಿ ಓದ್ರೆ ಜನ ನಗ್ತಾರೆ ಕಣವ್ವ."

"ನಗ್ಲಿ ಬುಡ್ಲಾ. ನಗೋರ್ನೂ ಕಾರಿಗತ್ತಿಸ್ಕಂಡು ಓಗಾನ," ಅಂದವಳೇ ಮರಿತಾಯಮ್ಮ ಟೈರೊಂದನ್ನು ಎಳೆದುಕೊಂಡು ಕೂತಳು. "ಬಾನೆಟ್ ಎತ್ತು ಕರಿಯಯ್ಯ. ಬಿಚ್ಚೋದ ನೋಡ್ಕಂಡೇ ನಾನ್ ಎದ್ದೇಳೋದು."