ಮೊದಲ ವೀಳ್ಯದ ಮನೆ

ನಜರ್‌ಬಾದಿನ ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, "ನಾವು ಇಲ್ಲಿಯವರೇ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಒಬ್ಬರೂ ಇಲ್ಲಿಯವರಲ್ಲ. ನಮ್ಮ ಮುತ್ತಜ್ಜಂದಿರು ಅರಮನೆಯ ಕುದುರೆ ಲಾಯಕ್ಕೆ ಹುಲ್ಲು ಹೊಡೆಯಲು ಹೊಳೆಯಾಚೆಯ ಊರುಗಳಿಂದ ಗಾಡಿ ಕಟ್ಟಿಕೊಂಡು ಬಂದವರು. ಒಂದು ಬೇಸಿಗೆ ದುಡಿದು ಹಿಂದಕ್ಕೆ ಹೋಗುವ ಲೆಕ್ಕದಲ್ಲಿ ಬಂದರಂತೆ. ಹೋಗಲಿಲ್ಲ, ಅಷ್ಟೆ. ಆಮೇಲೆ ಕುದುರೆಗಳು ಕಡಿಮೆಯಾದವು, ಹುಲ್ಲಿನ ಗಾಡಿ ಬಿಟ್ಟು ಹಾಲಿನ ಸೈಕಲ್ ಹತ್ತಿದರು. ಹಾಲು ಮಾರಿದವರ ಮಕ್ಕಳು ಮೇಟಗಳ್ಳಿಯ ಕಾರ್ಖಾನೆಗಳಿಗೆ ಪಾಳಿಯಲ್ಲಿ ಹೋದರು. ಅವರ ಮಕ್ಕಳು ಸರಸ್ವತಿಪುರಂನ ಟ್ಯುಟೋರಿಯಲ್‌ಗಳಿಗೆ ಸಿಟಿ ಬಸ್ಸು ಹಿಡಿದರು. ಈಗ ಬೀದಿಯಲ್ಲಿ ಉಳಿದಿರುವುದು ಒಂದೇ ಹಸು. ಅದು ಯಾರದೆಂದು ಸಗಣಿ ಗುಡಿಸುವಾಗ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಬೀದಿಯ ಎಡಸಾಲಿನಿಂದ ಬಲಸಾಲಿಗೆ ದಾಟಿದವಳು ನಾನು. ಹಾಗಾಗಿ ನನಗೆ ತವರಿಗೆ ಹೋಗುವ ಸಂಭ್ರಮವೆಂದರೆ ಏನೆಂದು ತಿಳಿಯದು. ತವರಿನಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ. ಹಳೆಯದನ್ನು ನೆನೆದು ಕಣ್ಣೊರೆಸಿಕೊಳ್ಳುವ ಜಾತಿಯವಳೂ ನಾನಲ್ಲ. ನಾಡಹೆಂಚಿನ ಮನೆಗಳು ಹೋಗಿ ಮೂರಂತಸ್ತಿನವು ಬಂದಾಗ ನನಗೆ ಅನ್ನಿಸಿದ್ದು ಒಂದೇ: ಸದ್ಯ, ಇನ್ನು ಮಳೆಗೆ ಪಾತ್ರೆ ಇಡಬೇಕಾಗಿಲ್ಲ.

ಆದರೆ ಒಂದು ಪದ್ಧತಿಯನ್ನು ಮಾತ್ರ ಬೀದಿ ಬಿಟ್ಟಿರಲಿಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಮೊದಲ ವೀಳ್ಯ, ಅಂದರೆ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ಕರೆಯುವ ಮೊದಲ ತಟ್ಟೆ, ಬೀದಿಯ ತುದಿಯ ಮನೆಗೆ ಹೋಗಬೇಕು. ನಮ್ಮವರು ಬಂದಾಗ ಇಲ್ಲಿ ಆಗಲೇ ಇದ್ದದ್ದು ಅದೊಂದೇ ಮನೆ. ಆ ಮನೆಯವರೂ ಎಲ್ಲಿಂದಲೋ ಬಂದವರೇ, ನಮಗಿಂತ ಸ್ವಲ್ಪ ಮುಂಚೆ. ಗಾಡಿ ನಿಲ್ಲಿಸಿಕೊಂಡು, ಕೇಳುವುದಕ್ಕೆ ನಾಚಿಕೆಯಾಗಿ ಬಾಗಿಲಲ್ಲಿ ಸುಮ್ಮನೆ ನಿಂತವರಿಗೆ ಆ ಮನೆಯ ಹೆಂಗಸು ಯಾವೂರು, ಯಾವ ಜನ ಎಂದು ಕೇಳದೆ ನೀರು ತಂದುಕೊಟ್ಟಳಂತೆ. ಅದು ನೀರಲ್ಲ, ಮಜ್ಜಿಗೆ ಎಂದು ವಾದಿಸುವವರೂ ಇದ್ದಾರೆ. ಮಜ್ಜಿಗೆಯವರ ಮಾತನ್ನು ನಾನು ನಂಬುವುದಿಲ್ಲ, ಹೇಳುತ್ತಾ ಹೇಳುತ್ತಾ ನೀರಿಗೆ ಮೊಸರು ಬೆರೆಸಿದ್ದಾರೆ.

ಅದರ ನೆನಪಿಗೆ ಮೊದಲ ವೀಳ್ಯವನ್ನು ಮೌನವಾಗಿ ಒಯ್ಯಬೇಕು. ಬೀದಿಯ ಹಿರಿಯ ಮುಂದೆ, ತಟ್ಟೆ ಹಿಡಿದ ಮದುವೆ ಮನೆಯ ಹೆಂಗಸು ಹಿಂದೆ, ಅವಳ ಹಿಂದೆ ಇಬ್ಬರೋ ಮೂವರೋ. ಎಲ್ಲರ ಬಾಯಲ್ಲೂ ಒಂದೊಂದು ಅಡಿಕೆ ಹೋಳು. ಮನೆಯಿಂದ ಹೊರಟ ಮೇಲೆ ಯಾರೂ ಮಾತಾಡುವ ಹಾಗಿಲ್ಲ, ಹಿರಿಯನನ್ನು ದಾಟಿ ಹೋಗುವ ಹಾಗಿಲ್ಲ, ಬಾಗಿಲು ತಟ್ಟುವ ಹಾಗೂ ಇಲ್ಲ. ಆ ಮನೆಯ ಹೆಂಗಸು ತಾನಾಗಿ ನೀರು ಕೊಡಬೇಕು. ಕುಡಿದ ಮೇಲೆ ಹಿರಿಯ ಅಡಿಕೆ ಉಗಿದು "ಮೊದ್ಲು ನಿಮ್ಮನೆ, ಆಮೇಲೆ ಮಿಕ್ಕಿದ್ದು" ಎನ್ನುತ್ತಾನೆ, ತಟ್ಟೆ ಅವಳ ಕೈಗೆ ಹೋಗುತ್ತದೆ. ಚಪ್ಪರದ ದಿನ ಮದುವೆ ಮನೆಗೆ ಮೊದಲ ಬಿಂದಿಗೆ ನೀರು ತರುವುದು ಅವಳ ಪಾಲಿನ ಕೆಲಸ.

ನನಗೆ ಬುದ್ಧಿ ತಿಳಿದಾಗಿನಿಂದ ಆ ತಟ್ಟೆ ತೆಗೆದುಕೊಂಡವರು ದೊಡ್ಡಮ್ಮ. ನಮಗೆ ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅವರು ದೊಡ್ಡಮ್ಮ. ಗಂಡ ಬೇಗ ತೀರಿಕೊಂಡರು. ನಮ್ಮ ಕಡೆ ಗಂಡನನ್ನು ಕಳೆದುಕೊಂಡ ಹೆಂಗಸನ್ನು ಮದುವೆಯಲ್ಲಿ ಎಲ್ಲಿ ಕೂರಿಸುತ್ತಾರೆಂದು ಎಲ್ಲರಿಗೂ ಗೊತ್ತು: ಅಡುಗೆಮನೆಯ ಹತ್ತಿರ, ಹೂವಿನ ತಟ್ಟೆ ತಿರುಗದ ಮೂಲೆಯಲ್ಲಿ. ಮೊದಲ ವೀಳ್ಯಕ್ಕೆ ಮಾತ್ರ ಆ ಭೇದವಿರಲಿಲ್ಲ. ಅದು ಮನೆಗೆ ಸಲ್ಲುವುದು, ಮನೆಯಲ್ಲಿದ್ದವರು ಅವರು. ಹೀಗಾಗಿ ನಮ್ಮ ಬೀದಿಯ ಮದುವೆಗಳಲ್ಲಿ ಒಬ್ಬ ವಿಧವೆ ಎಲ್ಲರಿಗಿಂತ ಮುಂದೆ ನೀರಿನ ಬಿಂದಿಗೆ ಹೊತ್ತು ಬರುತ್ತಿದ್ದರು, ಮುತ್ತೈದೆಯರು ಹಿಂದೆ ಬರುತ್ತಿದ್ದರು. ಆ ಗಳಿಗೆಯಲ್ಲಿ ದೊಡ್ಡಮ್ಮ ನಡೆಯುತ್ತಿದ್ದ ಠೀವಿಯನ್ನು ನಾವು ಹುಡುಗಿಯರು ಅಣಕಿಸಿ ನಗುತ್ತಿದ್ದೆವು.

ದೊಡ್ಡಮ್ಮನ ಮಗ ಮೇಟಗಳ್ಳಿಯ ಕಾರ್ಖಾನೆಯಲ್ಲಿದ್ದವನು. ಅಲ್ಲೇ ಹತ್ತಿರ ಮನೆ ಕಟ್ಟಿಸಿ ತಾಯಿಯನ್ನು ಕರೆದುಕೊಂಡು ಹೋದ. ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಬೀದಿಯ ಮನೆಯನ್ನು ರಾಜಸ್ಥಾನದ ಕಡೆಯ ಒಂದು ಸಂಸಾರಕ್ಕೆ ಮಾರಿದ. ಗಂಡನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಹೆಂಡತಿ ಮೂವತ್ತರ ಆಸುಪಾಸಿನವಳು, ತರಕಾರಿಯವನ ಹತ್ತಿರ ಕನ್ನಡ ಕಲಿತವಳು, ಆದ್ದರಿಂದ ಚೌಕಾಸಿಯ ಮಾತುಗಳು ಮಾತ್ರ ಬಹಳ ಸ್ಪಷ್ಟ. ಬೀದಿಯವರು ಅವರನ್ನು "ಹೊರಗಿನವರು" ಎಂದರು. ಹುಲ್ಲಿನ ಗಾಡಿಯಲ್ಲಿ ಬಂದವರು ಹೇಳುವ ಮಾತು ನೋಡಿ.

ಅವರು ಬಂದ ಮೇಲೆ ಬೀದಿಯಲ್ಲಿ ಆದ ಮೊದಲ ಮದುವೆ ನನ್ನ ಮಗಳದು. ವೀಳ್ಯ ಯಾರಿಗೆ? ಹೊಸ್ತಿಲಿಗೋ, ದೊಡ್ಡಮ್ಮನಿಗೋ? ನಮ್ಮ ಜಗಲಿಯ ಮೇಲೆ ಒಂದು ವಾರ ಇದೇ ಪಂಚಾಯಿತಿ. ಕಾಫಿ ಮಾಡಿ ಮಾಡಿ ನನಗೆ ರೋಸಿಹೋಯಿತು. ಕೊನೆಗೆ ನಾನೇ ಹೇಳಿದೆ: ಮದುವೆ ನನ್ನ ಮಗಳದು, ತಟ್ಟೆ ಹಿಡಿಯುವವಳು ನಾನು, ವೀಳ್ಯ ದೊಡ್ಡಮ್ಮನಿಗೆ. ಮೌನವಾಗಿ ಬೀದಿ ತುದಿಯವರೆಗೆ ನಡೆಯೋಣ, ಅಲ್ಲಿ ಕಾರು ನಿಂತಿರುತ್ತದೆ, ಹಾಗೇ ಮೌನವಾಗಿ ಮೇಟಗಳ್ಳಿಗೆ ಹೋಗೋಣ. ಬೀದಿಯ ಹಿರಿಯರಾದ ನನ್ನ ಚಿಕ್ಕಪ್ಪ ತಲೆಯಾಡಿಸಿದರು. ದೊಡ್ಡಮ್ಮನಿಗೆ ಫೋನು ಮಾಡಿದೆ.

"ನಾನು ನೆನಪಿದ್ದೀನಾ ನಿಮಗೆ?" ಎಂದರು ಮೊದಲು. ಆಮೇಲೆ, "ಬನ್ರವ್ವ. ಬೆಳಗ್ಗೇನೆ ತಲೆಗೆ ನೀರಾಕೊಂಡು ಕೂತಿರ್ತೀನಿ" ಎಂದರು. ದನಿ ಸಣ್ಣ ಹುಡುಗಿಯದರ ಹಾಗಿತ್ತು.

ಆ ಬೆಳಿಗ್ಗೆ ಹೊರಟೆವು. ಚಿಕ್ಕಪ್ಪ ಮುಂದೆ, ನಾನು ತಟ್ಟೆ ಹಿಡಿದು ಹಿಂದೆ, ನನ್ನ ಓರಗಿತ್ತಿ, ಪಕ್ಕದ ಮನೆಯಾಕೆ. ಬಾಯಲ್ಲಿ ಅಡಿಕೆ. ಕಾರು ಕಾಣಿಸುತ್ತಿತ್ತು, ಡ್ರೈವರು ಬಾಗಿಲು ತೆರೆದು ನಿಂತಿದ್ದ. ತುದಿಯ ಮನೆ ಬಂದದ್ದೇ ಚಿಕ್ಕಪ್ಪ ನೇರ ಹೋಗುವುದನ್ನು ಬಿಟ್ಟು ಎಡಕ್ಕೆ ತಿರುಗಿ, ಅವರ ಗೇಟು ತಳ್ಳಿ, ಬಾಗಿಲ ಮುಂದೆ ಕೈಕಟ್ಟಿ ನಿಂತುಬಿಟ್ಟರು.

ನನ್ನ ಕಿವಿ ಬಿಸಿಯಾಯಿತು. ಕರೆಯೋಣವೆಂದರೆ ಮಾತಾಡುವಂತಿಲ್ಲ, ಎಳೆಯೋಣವೆಂದರೆ ಅವರನ್ನು ದಾಟುವಂತಿಲ್ಲ, ಕೈಯಲ್ಲಿ ತಟ್ಟೆ ಬೇರೆ. ಓರಗಿತ್ತಿಯ ಕಡೆ ತಿರುಗಿ ಕಣ್ಣು ಬಿಟ್ಟೆ. ನಾನೇ ಮನಸ್ಸು ಬದಲಾಯಿಸಿದೆನೆಂದುಕೊಂಡು ಅವಳು ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು. ಇನ್ನು ಇದ್ದದ್ದು ಒಂದೇ ಆಸೆ. ಒಳಗಿರುವವಳಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಅವಳು ನೀರು ಕೊಡದಿದ್ದರೆ ಚಿಕ್ಕಪ್ಪ ಅಡಿಕೆ ಉಗಿಯುವಂತಿಲ್ಲ, ನಾವು ಹಿಂದಕ್ಕೆ ತಿರುಗಬಹುದು. ಕೊಡದಿರಲಪ್ಪ ಎಂದು ಬೇಡಿಕೊಂಡೆ.

ಬಾಗಿಲು ತೆರೆದು ಅವಳು ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಏನು ಆಂಟಿ? ಏನಾದ್ರೂ ಆಯ್ತಾ?"

ಯಾರೂ ಉಸಿರೆತ್ತಲಿಲ್ಲ.

"ಅಂಗಡಿಗೆ ಫೋನ್ ಮಾಡ್ಲಾ? ಅವರು ಬರ್ತಾರೆ."

ನಾನು ಅಡ್ಡಡ್ಡ ತಲೆಯಾಡಿಸಿದೆ. ಅವಳು ಒಂದು ಕ್ಷಣ ನಿಂತು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದು ನನಗೆ ಜೀವ ಬಂದಂತಾಯಿತು. ಬಾಗಿಲು ಹಾಕಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಕೈ ತೊಳೆಯುತ್ತಿದ್ದಳು. ಆಮೇಲೆ ಸ್ಟೀಲಿನ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು ಬಂದು, ಸೆರಗನ್ನು ತಲೆಯ ಮೇಲೆಳೆದುಕೊಂಡು ಚಿಕ್ಕಪ್ಪನ ಮುಂದೆ ಹಿಡಿದಳು.

"ಮೊದಲು ನೀರು ಕುಡೀರಿ. ಆಮೇಲೆ ಹೇಳಿ."

ಚಿಕ್ಕಪ್ಪ ಗಟಗಟನೆ ಕುಡಿದರು, ಅಡಿಕೆ ಉಗಿದರು, ಹೇಳಬೇಕಾದ್ದನ್ನು ಹೇಳಿಯೂಬಿಟ್ಟರು. ಹೇಳಿ ಮುಗಿಸಿದ ಮೇಲೆ ಅವರ ಮುಖದ ಬಣ್ಣ ಬದಲಾಯಿತು. ನನ್ನ ಕಡೆ ನೋಡಿದರು, ಕಾರಿನ ಕಡೆ ನೋಡಿದರು. ಅಷ್ಟರಲ್ಲಿ ಅವಳು ನನ್ನ ಕೈಯಿಂದ ವೀಳ್ಯದ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ದೇವರ ಮುಂದಿಡಲು ಒಳಗೆ ಹೋಗಿಯಾಗಿತ್ತು. ಈ ಬೀದಿಗೆ ಬಂದ ಮೇಲೆ ಯಾರೂ ತಮ್ಮನ್ನು ಯಾವುದಕ್ಕೂ ಕರೆದಿರಲಿಲ್ಲವೆಂದು ಆಮೇಲೆ ಹೇಳಿದಳು.

"ಅಭ್ಯಾಸ ಕಣವ್ವ" ಎಂದರು ಚಿಕ್ಕಪ್ಪ ಗೇಟಿನ ಹೊರಗೆ. "ಕಾಲು ತಾನಾಗೇ ತಿರುಕ್ಕೊಬುಡ್ತು."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕಾರಿನ ಹತ್ತಿರ ಹೋಗಿ ಡ್ರೈವರಿಗೆ ಸ್ವಲ್ಪ ಕಾಯಲು ಹೇಳುತ್ತಿದ್ದರು.

ಇನ್ನೊಂದು ತಟ್ಟೆ ಜೋಡಿಸಿಕೊಂಡು ನಾನೊಬ್ಬಳೇ ಮೇಟಗಳ್ಳಿಗೆ ಹೋದೆ. ದೊಡ್ಡಮ್ಮ ಗೇಟಿನ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ತುಂಬಿದ ಚೊಂಬು, ಮೇಲೆ ಮುಚ್ಚಿದ ತಟ್ಟೆ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದರು. ನನ್ನ ಬಾಯಲ್ಲಿ ಅಡಿಕೆ ಇಲ್ಲದ್ದನ್ನೂ ನೋಡಿದರು.

"ಮೊದಲ್ನೇದು ಯಾರ್ಗೆ ಹೋಯ್ತು?"

ನಡೆದದ್ದನ್ನು ಹೇಳಿದೆ. ಮಗ ಒಳಗಿನಿಂದ ಬಂದು, "ಹೋಗ್ಲಿ ಬುಡಮ್ಮ. ಎಲೆ ಅಡಿಕೆ ತಾನೆ, ಮೊದಲ್ನೇದಾದ್ರೇನು, ಎರಡ್ನೇದಾದ್ರೇನು" ಎಂದ.

"ನೀನು ಸುಮ್ಕಿರು. ಮನೆ ಮಾರ್ದಾಗ್ಲೂ ಇಂಗೇ ಅಂದಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಅವಳು ನೀರು ಕೊಟ್ಲಾ?"

"ಕೊಟ್ಲು."

"ನೀವು ಹೇಳ್ಕೊಟ್ರಾ?"

"ಬಾಯಲ್ಲಿ ಅಡಿಕೆ ಇತ್ತಲ್ಲ ದೊಡ್ಡಮ್ಮ, ಎಂಗೆ ಹೇಳ್ಕೊಡೋದು?"

ದೊಡ್ಡಮ್ಮ ಚೊಂಬಿನ ಮೇಲಿನ ತಟ್ಟೆಯನ್ನು ಸರಿಸಿ ಮತ್ತೆ ಮುಚ್ಚಿದರು. "ನಾನು ಹೊಸದಾಗಿ ಬಂದಾಗ ನಮ್ಮತ್ತೆ ಹಿಂದಿನಿಂದ ತಿವಿದು ಹೇಳ್ಕೊಟ್ಟಿದ್ರು, ನೀರು ತತ್ತಾ ಅಂತ. ನಂಗೆ ತೋಚಿರ್ಲಿಲ್ಲ."

ನಾನು ತಟ್ಟೆ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಬೇಡ, ತಕ್ಕೊಂಡೋಗು. ಎರಡ್ನೇದು ಈಸ್ಕೊಂಡು ನಂಗೆ ಅಭ್ಯಾಸ ಇಲ್ಲ."

ಕಾರಿನಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಳು ಬಂತು, ಚಿಕ್ಕಪ್ಪನ ಮೇಲೆ ಸಿಟ್ಟೂ ಬಂತು. ಮುದುಕಿಗೆ ಇದ್ದದ್ದು ಅದೊಂದು. ಅದನ್ನೂ ಕಿತ್ತು, ಇನ್ನು ನಮ್ಮ ಮದುವೆಗಳಲ್ಲಿ ಅವರನ್ನೂ ಅಡುಗೆಮನೆಯ ಮೂಲೆಗೆ ಕಳಿಸಿದಂತಾಯಿತು. ಮದುವೆಗೆ ಬರುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ತಟ್ಟೆಯನ್ನು ಮನೆಗೆ ತಂದೆ. ಬೇರೆ ಯಾರಿಗೂ ಕೊಡಲು ಮನಸ್ಸಾಗದೆ, ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಟ್ಟೆ.

ಮದುವೆ ಛತ್ರದಲ್ಲಾದರೂ ಚಪ್ಪರದ ಶಾಸ್ತ್ರ ಮನೆಯ ಮುಂದೆಯೇ. ಹಿಂದಿನ ದಿನ ರಾಜಸ್ಥಾನದವಳಿಗೆ ಬಿಂದಿಗೆಯ ವಿಷಯ ವಿವರಿಸಿದೆ. ಗಮನವಿಟ್ಟು ಕೇಳಿ, "ನಲ್ಲಿ ನೀರಾ, ಫಿಲ್ಟರ್ ನೀರಾ?" ಎಂದಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಹಿಂದೆ ಆ ಮನೆಯ ಬಾವಿಯ ನೀರು. ಬಾವಿ ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರೆ. ನಲ್ಲಿ ನೀರು ಸಾಕೆಂದೆ.

ಬೆಳಿಗ್ಗೆ ಚಪ್ಪರದ ಕೆಳಗೆ ನಿಂತು ಅವಳ ದಾರಿ ಕಾಯುತ್ತಿದ್ದೆವು. ಬೀದಿ ತುದಿಯಲ್ಲಿ ಒಂದು ಆಟೋ ನಿಂತಿತು. ಮಗನ ಕೈ ಹಿಡಿದು ದೊಡ್ಡಮ್ಮ ಇಳಿದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮಗನ ಕೈ ಬಿಡಿಸಿಕೊಂಡು, ತಾವು ಮದುವೆಯಾಗಿ ಬಂದು ಬಾಳಿದ್ದ ಮನೆಯ ಗೇಟು ದಾಟಿ, ಬಾಗಿಲ ಮುಂದೆ ನಿಂತರು. ಬಾಗಿಲು ತಟ್ಟಲಿಲ್ಲ, ಕರೆಯಲಿಲ್ಲ. ನಾನು ಹತ್ತಿರ ಓಡಿದೆ. ಅವರ ಕೆನ್ನೆಯ ಒಂದು ಬದಿ ಉಬ್ಬಿತ್ತು, ಬಾಯಲ್ಲಿ ಅಡಿಕೆ ಇತ್ತು.

ಅವಳು ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಹೊರಬಂದಳು. ಈ ಮುದುಕಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಮನೆ ಕೊಳ್ಳುವಾಗ ನೋಡಿದ್ದು ಮಗನನ್ನು ಮಾತ್ರ. ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಬಿಂದಿಗೆಯನ್ನು ಕೆಳಗಿಟ್ಟು, ಒಳಗೆ ಹೋಗಿ, ಒಂದು ಲೋಟ ನೀರು ತಂದು ಕೊಟ್ಟಳು.

ಆ ಹೊಸ್ತಿಲಿನ ಒಳಗೆ ನಿಂತು ಎಷ್ಟು ಮದುವೆ ಮನೆಯವರಿಗೆ ನೀರು ಕೊಟ್ಟಿದ್ದರೋ ದೊಡ್ಡಮ್ಮ. ಹೊರಗೆ ನಿಂತು ಕುಡಿದದ್ದು ಅದೇ ಮೊದಲು. ಕತ್ತೆತ್ತಿ ಪೂರ್ತಿ ಲೋಟ ಕುಡಿದರು. ಅಡಿಕೆ ಉಗಿದು ಬಾಯಿ ಒರೆಸಿಕೊಂಡರು.

"ಮೊದ್ಲು ನಿಮ್ಮನೆ" ಎಂದರು ಅವಳಿಗೆ. "ಬಿಂದಿಗೆ ಎತ್ಕೊ ಮಗ, ಹೊತ್ತಾಯ್ತು."

ಅವಳು ಮುಂದೆ ನಡೆದಳು, ದೊಡ್ಡಮ್ಮ ಅವಳ ಹಿಂದೆ, ಮುತ್ತೈದೆಯರೆಲ್ಲ ದೊಡ್ಡಮ್ಮನ ಹಿಂದೆ. ಚಪ್ಪರಕ್ಕೆ ಬಂದದ್ದೇ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನನ್ನನ್ನು ಕರೆದರು.

"ಎಲ್ಲೆ ನಂದು? ಎರಡ್ನೇದು?"

ನಾನು ಫ್ರಿಜ್ಜಿನ ಬಾಗಿಲು ತೆಗೆದು ಎಲೆಯ ಕಟ್ಟನ್ನು ಬಿಚ್ಚಿದೆ. ಅಂಚು ಸ್ವಲ್ಪ ಕಪ್ಪಾಗಿತ್ತು. ಅದನ್ನೇ ಕೊಟ್ಟೆ.